ಎರಡನೇ ಕೋಟು

ನಮ್ಮ ಓನರಮ್ಮನವರು ತಮ್ಮ ಕಾರಿಗೆ ಬಣ್ಣ ಹೊಡೆದದ್ದು ಗೋಡೆಗೆ ಹೊಡೆಯುವ ರೋಲರಿನಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವರ್ತೂರಿನಲ್ಲಿ ಅವರನ್ನು ಬಲ್ಲವರ ಎದುರು ನಾನು ಅವರ ಬಗ್ಗೆ ಏನೇ ಹೇಳಲು ಹೊರಟರೂ ಯಾರಾದರೂ ಅಡ್ಡ ಬಾಯಿ ಹಾಕಿ "ಆ ಕಾರಿನ ವಿಷಯ ಹೇಳಿ ಮೇಷ್ಟ್ರೇ" ಅನ್ನುತ್ತಾರೆ. ಮೊನ್ನೆ ಅವರ ವರ್ಷದ ತಿಥಿಗೆ ಹೋಗಿದ್ದೆ. ಎಲೆಯ ಮುಂದೆ ಕೂತವರು ಅಲ್ಲೂ ಅದನ್ನೇ ಮಾತಾಡುತ್ತಿದ್ದರು. ಪಾಯಸ ಬರುವ ಹೊತ್ತಿಗೆ ಹಸಿರು ಕಾರು ನೀಲಿಯಾಗಿತ್ತು, ರೋಲರು ಹೋಗಿ ಪೊರಕೆಯಾಗಿತ್ತು. ಆ ಕಾರು ನಿಲ್ಲುತ್ತಿದ್ದದ್ದು ನನ್ನ ಬಾಡಿಗೆ ಮನೆಯ ಕಿಟಕಿಯ ಎದುರಿಗೆ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ನಾನೇ ಬರೆದಿಡುತ್ತೇನೆ.

ನಾನು ವೈಟ್‌ಫೀಲ್ಡ್ ಕಡೆಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮಕ್ಕಳು ಡ್ರಿಲ್ಲಿಗೆ ಕೊಡುವ ಮರ್ಯಾದೆಯಲ್ಲಿ ಅರ್ಧ ನನಗೂ ಕೊಡುತ್ತಾರೆ. ಹೊಸದಾಗಿ ಮನೆ ಹುಡುಕುತ್ತ ವರ್ತೂರಿಗೆ ಬಂದಾಗ ಬೇರೆ ಓನರುಗಳು ಯಾವ ಜನ, ಎಷ್ಟು ಜನ, ಮಾಂಸ ತಿನ್ನುತ್ತೀರಾ ಎಂದೆಲ್ಲ ವಿಚಾರಿಸಿದ್ದರು. ಇವರು ಕೇಳಿದ್ದು ಒಂದೇ ಪ್ರಶ್ನೆ.

"ಮೊಳೆ ಒಡೀತೀರಾ?"

"ಇಲ್ಲಮ್ಮ."

"ಎಲ್ರೂ ಇಲ್ಲ ಅಂತ್ಲೇ ಅನ್ನೋದು," ಎಂದು ಬೀಗದ ಕೈ ಕೊಟ್ಟರು.

ಆ ಮನೆಯಲ್ಲಿದ್ದಷ್ಟು ವರ್ಷ ನಮ್ಮ ಕ್ಯಾಲೆಂಡರು ಕಿಟಕಿಯ ಕಂಬಿಗೆ ನೇತಾಡುತ್ತಿತ್ತು. ಗಾಳಿ ಬಂದರೆ ತಿಂಗಳುಗಳು ತಾವೇ ತಿರುಗುತ್ತಿದ್ದವು. ದೇವರ ಪಟಗಳು ಗೋಡೆಗೆ ಒರಗಿ, ಬಸ್ಸಿಗೆ ಕಾಯುವವರ ಹಾಗೆ ಶೆಲ್ಫಿನ ಮೇಲೆ ನಿಂತಿರುತ್ತಿದ್ದವು.

ಮೊಳೆಯ ಮೇಲೆ ಅವರಿಗೆ ಅಷ್ಟು ದ್ವೇಷವೇಕೆಂದರೆ ಗೋಡೆಗಳಿಗೆ ಬಣ್ಣ ಹೊಡೆಯುವವರು ಅವರೇ. ಹಿಂದೆ ದನದ ಕೊಟ್ಟಿಗೆಯಿದ್ದ ಜಾಗದಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳು. ಒಂದು ಖಾಲಿಯಾದರೆ ಸಾಕು, ಸೀರೆಯ ಮೇಲೆ ಯಜಮಾನರ ಹಳೆಯ ಶರ್ಟು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಬಿದಿರು ಗಳಕ್ಕೆ ರೋಲರು ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು. ಗೋಡೆಗೆ ಯಾವ ಬಣ್ಣವಾದರೂ ನಡೆಯುತ್ತಿತ್ತು. ಆದರೆ ಬಾಗಿಲು, ಗೇಟು, ಕಿಟಕಿ ಕಂಬಿ, ಸಂಪಿನ ಮುಚ್ಚಳ ಎಲ್ಲಕ್ಕೂ ಒಂದೇ ಗಿಣಿ ಹಸಿರು ಆಯಿಲ್ ಪೇಂಟು. ಯಾವುದಕ್ಕೇ ಆಗಲಿ ಒಂದು ಸಲ ಹೊಡೆದು ಬಿಡುವವರಲ್ಲ. "ಒಂದ್ನೇ ಕೋಟು ನೋಡೋರ್ಗೆ, ಎರಡ್ನೇ ಕೋಟು ನಮ್ಗೆ," ಅನ್ನುತ್ತಿದ್ದರು. ಹೊಸ ಬಾಡಿಗೆಯವರು ಸಾಮಾನಿನ ಲಾರಿಯೊಂದಿಗೆ ಬಂದು ನಿಂತಿದ್ದರೂ ಎರಡನೇ ಕೋಟು ಮುಗಿಯದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಮೊಲವನ್ನೂ ಹಾಗೆಂದು ಒಪ್ಪಿಸಿದವರು ಇವರೊಬ್ಬರೇ.

ಊರಿನ ಹಳೆಯ ಒಕ್ಕಲು ಮನೆತನ ಅವರದು. ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಕೆಲವಂತೂ ಅವರ ಹೊಲಗಳ ಮೇಲೆಯೇ ನಿಂತಿವೆ. ಒಂದೊಂದು ಹೊಲ ಹೋಗುವಾಗಲೂ ಗಂಡಸರು ಅವರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ಯುತ್ತಿದ್ದರು. ಆಸ್ತಿ ಅವರ ಹೆಸರಿನಲ್ಲಿ ಇರಲಿಲ್ಲ. ಆದರೆ ನಾಳೆ ತಕರಾರು ಬರಬಾರದೆಂದು ಮನೆಯ ಹೆಂಗಸರ ಸಹಿಯೂ ಬೇಕಿತ್ತು. ಅವರು ಏಳನೇ ಕ್ಲಾಸು ಓದಿದ್ದರು, ದುಂಡಗೆ ಸಹಿ ಹಾಕುತ್ತಿದ್ದರು. ಅಲ್ಲಿ ಓದಿದವರದ್ದೂ ಹೆಬ್ಬೆಟ್ಟು ಒತ್ತಿಸುತ್ತಾರೆ. ಒತ್ತಿ ಬಂದಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುತ್ತಿದ್ದರಂತೆ.

ಒಮ್ಮೆ ತಾರಸಿಯ ಮೇಲೆ ಸಂಡಿಗೆ ಕಾಯುತ್ತ ಕೂತಿದ್ದವರು ನನಗೆ ದೂರದ ಒಂದು ಕಟ್ಟಡ ತೋರಿಸಿದರು. "ಅಗೋ, ಈಜುಕೊಳ ಐತಲ್ಲ ಆ ಅಪಾರ್ಟ್‌ಮೆಂಟು, ಅದು ನಮ್ಮ ರಾಗಿ ಒಲ. ಅವತ್ತು ದೋಸೆ ಚೆನ್ನಾಗಿತ್ತು. ಅದರ ಪಕ್ಕದ್ದು ಅವರೆ ಆಕ್ತಿದ್ದ ಜಾಗ. ಅವತ್ತು ಚಟ್ನಿ ಉಳಿ ಬಂದಿತ್ತು." ಇಷ್ಟು ಹೇಳಿ ಕಾಗೆ ಓಡಿಸಿದರು. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಅವರ ಮುಖ ನೋಡಿ ತಿಳಿದುಕೊಳ್ಳೋಣವೆಂದರೆ ಅವರು ಸಂಡಿಗೆ ನೋಡುತ್ತಿದ್ದರು.

ಇನ್ನು ಕಾರು. ಒಂದು ಕಾಲಕ್ಕೆ ಡಾಕ್ಟರು, ಇಂಜಿನಿಯರುಗಳ ಮನೆ ಮುಂದೆಲ್ಲ ನಿಲ್ಲುತ್ತಿದ್ದ ಚಿಕ್ಕ ಬಿಳಿ ಡಬ್ಬಿ ಕಾರು ಅದು. ಅದರ ಕತೆ ಶುರುವಾಗುವುದು ಯಜಮಾನರ ಜಾತಕದಿಂದ. ಮೊದಲ ಹೊಲ ಮಾರಿದಾಗ ಅವರಿಗೆ ಕಾರಿನ ಆಸೆಯಾಯಿತಂತೆ. ಜೋಯಿಸರು ಜಾತಕ ನೋಡಿ, "ಗೌಡ್ರೇ, ನಿಮಗೆ ವಾಹನಯೋಗ ಇಲ್ಲ. ನಿಮ್ಮ ಹೆಸರಲ್ಲಿ ಗಾಡಿ ಬೇಡ, ಸ್ಟೇರಿಂಗೂ ಮುಟ್ಟಬೇಡಿ. ಅಮ್ಮಾವ್ರ ಜಾತಕದಲ್ಲಿ ಬೇಕಾದಷ್ಟಿದೆ" ಅಂದರಂತೆ. ಹೊಲ, ಮನೆ, ಸೈಟು ಎಲ್ಲವೂ ಗಂಡಸರ ಹೆಸರಿನಲ್ಲಿದ್ದ ಆ ಸಂಸಾರದಲ್ಲಿ ಕಾರು ಮಾತ್ರ ಹೀಗೆ ಗ್ರಹಗತಿಯ ಕೃಪೆಯಿಂದ ಹೆಂಗಸಿನ ಹೆಸರಿಗೆ ಬಂತು.

ಓನರಮ್ಮ ತಮ್ಮನ ಹತ್ತಿರ, ಕುಯಿಲು ಮುಗಿದ ಹೊಲದಲ್ಲಿ ಓಡಿಸಲು ಕಲಿತರು. ಲೈಸೆನ್ಸು ಮಾಡಿಸಿಕೊಂಡು, ಯಜಮಾನರನ್ನು ಎಡಗಡೆ ಕೂರಿಸಿಕೊಂಡು ಓಡಾಡತೊಡಗಿದರು. ಗೌಡರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಎಲ್ಲಿ ಹಳ್ಳ, ಎಲ್ಲಿ ಹಂಪು ಎಂದು ಹೇಳುತ್ತ ಕೂರುತ್ತಿದ್ದರಂತೆ. "ಅವ್ರು ಏಳೋದ್ರೊಳ್ಗೆ ನಾನು ದಾಟಿರ್ತಿದ್ದೆ," ಎಂದು ಓನರಮ್ಮ ಹೇಳುತ್ತಿದ್ದರು. ಅವರು ನಗುತ್ತಿದ್ದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಯಜಮಾನರು ತೀರಿಕೊಂಡ ಮೇಲೆ ಕಾರು ಟಾರ್ಪಾಲಿನ ಕೆಳಗೆ ಹೋಯಿತು. ನಾನು ಬಾಡಿಗೆಗೆ ಬಂದಾಗ ಅದರ ಬಾಗಿಲುಗಳ ಅಂಚನ್ನು ತುಕ್ಕು ತಿಂದಿತ್ತು. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ಅವರು ಟಾರ್ಪಾಲು ಸರಿಸಿ, ಒಳಗೆ ಕೂತು ಸ್ಟಾರ್ಟ್ ಮಾಡುತ್ತಿದ್ದರು. ಎಲ್ಲಿಗೂ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಇಂಜಿನ್ ಓಡಲು ಬಿಟ್ಟು, ಆಫ್ ಮಾಡಿ, ಇಳಿದು ಹಾಲು ತರಲು ಹೋಗುತ್ತಿದ್ದರು. ಹೊಗೆಯೆಲ್ಲ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಸೋಮವಾರದ ಉಪ್ಪಿಟ್ಟಿಗೆ ಪೆಟ್ರೋಲಿನ ಒಗ್ಗರಣೆ ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಹಾಗೆಂದು ಕಿಟಕಿ ಹಾಕುತ್ತಿರಲಿಲ್ಲ.

ಅವರ ಮಗ ಟ್ಯಾಂಕರಿನಲ್ಲಿ ಅಪಾರ್ಟ್‌ಮೆಂಟುಗಳಿಗೆ ನೀರು ಮಾರುತ್ತಿದ್ದ. ಕೆಟ್ಟವನಲ್ಲ. ಕಾರು ಇಟ್ಟುಕೊಂಡ ಬಾಡಿಗೆಯವರು ಬರಬೇಕಾದರೆ ಕಾರು ನಿಲ್ಲಿಸಲು ಜಾಗ ಬೇಕು, ಜಾಗದಲ್ಲಿ ಈ ತುಕ್ಕು ಡಬ್ಬ ಕೂತಿದೆ, ಇಷ್ಟೇ ಅವನ ಲೆಕ್ಕಾಚಾರ. ಗಣೇಶನನ್ನು ಬಿಟ್ಟ ಮರುದಿನ ನಮ್ಮ ಕಿಟಕಿಯ ಹೊರಗೆ ತಾಯಿ ಮಗನ ಮಾತು ನಡೆಯಿತು.

"ಅಮ್ಮ, ಆಯುಧಪೂಜೆಗೆ ಜನ ಬರ್ತಾರೆ. ಗೇಟ್ ಮುಂದೆ ಇದನ್ನ ಇಟ್ಕೊಂಡು ಮರ್ಯಾದೆ ಹೋಗ್ತಿದೆ. ಹಬ್ಬದೊಳಗೆ ನೋಡೋ ಹಂಗಾದ್ರೆ ಇರ್ಲಿ. ಇಲ್ಲಾಂದ್ರೆ ಗುಜರಿಯವನಿಗೆ ಹೇಳ್ತೀನಿ, ನೀನು ಒಂದು ಸೈನ್ ಹಾಕ್ಬಿಡು."

"ಆಕಲ್ಲ ಅಂದ್ರೆ?"

"ನೀನು ಯಾವತ್ತಾದ್ರೂ ಹಾಕಲ್ಲ ಅಂದಿದ್ದೀಯೇನಮ್ಮ?"

ಅವನು ಪ್ರೀತಿಯಿಂದಲೇ ಅಂದದ್ದು. ನಮ್ಮಮ್ಮ ಚಿನ್ನದಂಥವಳು ಎನ್ನುವ ಅರ್ಥದಲ್ಲಿ. ಓನರಮ್ಮ ಟಾರ್ಪಾಲು ಎಳೆದು ಸರಿಮಾಡಿ ಒಳಗೆ ಹೋದರು. ಮಾತಿಗೆ ಮಾತು ಬಾಕಿ ಇಡದ ಹೆಂಗಸು ಹಾಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಕಾರಿನ ಬಣ್ಣದ ಅಂಗಡಿಗೆ ಹೋಗಿ ಬಂದರು. "ಅವ್ನು ಏಳೋ ರೇಟು ಕೇಳಿದ್ರೆ ಕಾರೂ ಅವ್ನಿಗೇ ಕೊಟ್ಟು ಬರ್ಬೇಕಾಯ್ತದೆ," ಎಂದು ಸೀದಾ ಬಣ್ಣದ ಸಾಮಾನಿಡುವ ಕೋಣೆಯ ಬೀಗ ತೆಗೆದರು. "ಗೇಟೂ ತಗಡೇ, ಇದೂ ತಗಡೇ. ಅದಕ್ಕಿಡಿಯೋ ಬಣ್ಣ ಇದಕ್ಕ್ಯಾಕೆ ಇಡಿಯಲ್ಲ ಮೇಷ್ಟ್ರೇ?"

"ಗೇಟು ಒಂದು ಕಡೆ ನಿಂತಿರುತ್ತಲ್ಲಮ್ಮ, ಕಾರು ಓಡಬೇಕು."

"ಸದ್ಯಕ್ಕೆ ಇದೂ ನಿಂತೇ ಐತಲ್ಲ."

ನನಗೂ ಎಮರಿ ಪೇಪರಿನ ತುಂಡೊಂದನ್ನು ಕೊಟ್ಟರು. ಇಬ್ಬರೂ ತುಕ್ಕು ಉಜ್ಜಿದೆವು. ತುಕ್ಕು ಹೋದ ಕಡೆ ತಗಡೂ ಹೋಗಿ ತೂತುಗಳು ಬಿದ್ದವು. ಅವಕ್ಕೆಲ್ಲ ಅವರು ಗೋಡೆಯ ಪುಟ್ಟಿ ಮೆತ್ತಿ, ಕರಣೆಯಿಂದ ನುಣ್ಣಗೆ ಎಳೆದರು. ಕಾರಿಗೆ ಪುಟ್ಟಿ ಬೇರೆ ಇರುತ್ತದಂತೆ ಎಂದು ನಾನು ಅಂದೆ. ಅವರು ನನ್ನನ್ನು, ಮೊಳೆ ಹೊಡೆಯಲು ಬಂದವನನ್ನು ನೋಡುವ ಹಾಗೆ ನೋಡಿದರು.

ಗಾಜುಗಳಿಗೆ ಬಣ್ಣ ತಾಗದಂತೆ ಕಾಗದ ಅಂಟಿಸಬೇಕಿತ್ತು. "ಮೇಷ್ಟ್ರ ಮನೇಲಿ ಕಾಗ್ದಕ್ಕೇನು ಬರ," ಎಂದು ನನ್ನ ಹೆಂಡತಿಯನ್ನು ಕೇಳಿ ಒಂದು ಕಟ್ಟು ಒಯ್ದರು. ಅದು ಹಿಂದಿನ ವರ್ಷದ ಉತ್ತರಪತ್ರಿಕೆಗಳ ಕಟ್ಟು. ಮೈದಾ ಅಂಟು ಕಾಯಿಸಿ, ಸಿನಿಮಾ ಪೋಸ್ಟರು ಅಂಟಿಸುವ ಹಾಗೆ ಅಂಟಿಸಿದರು. ಆ ಅಂಟು ಎಷ್ಟು ಗಟ್ಟಿಯಾಗಿತ್ತೆಂದರೆ ಹಿಂದಿನ ಗಾಜಿನ ಮೇಲೆ "ನಾನು ಪ್ರಧಾನಿಯಾದರೆ" ಎಂಬ ಪ್ರಬಂಧ ಬಹಳ ಕಾಲ ಉಳಿಯಿತು. ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಹಿಂದೆ ಬರುವ ಗಾಡಿಯವರಿಗೆಲ್ಲ ನನ್ನ ಕೆಂಪು ಅಂಕ ಕಾಣುತ್ತಿತ್ತು.

ಮೊದಲ ಕೋಟು ಬಿದ್ದ ದಿನ ಮೋಡವಿತ್ತು. ರೋಲರು ಕಾರಿನ ಮೈಮೇಲೆ ಚಪ್ ಚಪ್ ಎಂದು ಹರಿದಾಡಿತು. ಹರಿದಲ್ಲೆಲ್ಲ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ, ರೋಲರಿನಿಂದ ಉದುರಿದ ಎಳೆಗಳು. ದೂರದಿಂದ ಕಾರು, ಹತ್ತಿರ ಬಂದರೆ ಕಾಂಪೌಂಡು. ಸಾಲದ್ದಕ್ಕೆ ಸಂಜೆ ಗಾಳಿ ಬೀಸಿ, ವರ್ತೂರು ಕೆರೆಯ ಕೋಡಿಯಲ್ಲಿ ಮಳೆಗೆ ಎದ್ದಿದ್ದ ನೊರೆ ಹಾರಿ ಬಂದು ಹಸಿ ಬಣ್ಣದ ಮೇಲೆ ಅಲ್ಲಲ್ಲಿ ಕೂತಿತು. ನೊರೆ ಆರಿದ ಕಡೆ ಬಿಳಿ ಉಂಗುರಗಳು ಉಳಿದವು. ನಾನು ಕೆರೆಯನ್ನೂ ಅದಕ್ಕೆ ಕೊಳಕು ಬಿಡುವವರನ್ನೂ ಬೈದೆ. "ಬೈಬೇಡಿ," ಅಂದರು ಓನರಮ್ಮ. "ಕೆರೆ ನಮ್ಮೂರದ್ದೇ. ಬಂದು ನೋಡ್ಕೊಂಡೋಯ್ತು."

ಹಬ್ಬ ಹತ್ತಿರ ಬಂತು. ಮಳೆ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಮಗ ಒಂದು ಸುತ್ತು ಹಾಕಿ ನೋಡಿ, "ಪರವಾಗಿಲ್ಲಮ್ಮ, ಇರ್ಲಿ ಬಿಡು," ಅಂದ. ಅಲ್ಲಿಗೆ ಕಾರು ಉಳಿದಂತಾಯಿತು. ನಾನಾಗಿದ್ದರೆ ರೋಲರು ತೊಳೆದು ಒಳಗಿಡುತ್ತಿದ್ದೆ. ಅವರು ಹಬ್ಬದ ಹಿಂದಿನ ಮಧ್ಯಾಹ್ನ ಮತ್ತೆ ಶರ್ಟು ತೊಟ್ಟು ಬಂದರು.

"ಅಮ್ಮ, ಈ ಹವಾಕ್ಕೆ ನಾಳೆಗೆ ಒಣಗಲ್ಲ. ಮಗ ಒಪ್ಪಿಯಾಯಿತಲ್ಲ?"

"ಅವ್ನು ನೋಡೋನು," ಅಂದರು. "ಅವ್ನ ಕೋಟು ಆಯ್ತು."

ಆಯುಧಪೂಜೆಯ ದಿನ ಟ್ಯಾಂಕರುಗಳು, ಮಗನ ದೊಡ್ಡ ಕಾರು, ಬೋರ್‌ವೆಲ್ ಪಂಪು, ಎಲ್ಲ ತೊಳೆಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ಸಾಲಾಗಿ ನಿಂತವು. ಸಾಲಿನ ಕೊನೆಯಲ್ಲಿ ಗಿಣಿ ಹಸಿರು ಕಾರು ಥಳಥಳ ಹೊಳೆಯುತ್ತಿತ್ತು. ಹೊಳೆದದ್ದು ಹಸಿಯಾಗಿದ್ದರಿಂದ.

ಯಜಮಾನರು ಇದ್ದಾಗ ಗಾಡಿಗಳಿಗೆ ಕುಂಕುಮ ಇಡುತ್ತಿದ್ದವರು ಓನರಮ್ಮನೇ. ಅವರು ಹೋದಮೇಲೆ ತಟ್ಟೆ ಸೊಸೆಯ ಕೈಗೆ ಹೋಯಿತು. ಯಾರೂ ಕಸಿದುಕೊಂಡದ್ದಲ್ಲ. ಗಂಡ ಹೋದ ಹೆಂಗಸು ಕುಂಕುಮದ ತಟ್ಟೆ ಹಿಡಿಯುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ, ಅವರಿಗೂ ಗೊತ್ತಿತ್ತು. ಪ್ರತಿ ವರ್ಷ ಮೆಟ್ಟಿಲ ಮೇಲೆ ಕೂತು, ಯಾವ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿಲ್ಲ ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಆ ವರ್ಷವೂ ಹಾಗೇ ಕೂತಿದ್ದರು.

ಸೊಸೆ ಒಂದೊಂದೇ ಗಾಡಿಗೆ ವಿಭೂತಿ ಎಳೆದು ಕುಂಕುಮ ಇಡುತ್ತ ಕೊನೆಯ ಕಾರಿಗೆ ಬಂದಳು. ಬಾನೆಟ್ಟಿಗೆ ಬೆರಳು ತಾಗಿಸಿದವಳೇ ಹಿಂದೆ ತೆಗೆದಳು. "ಅತ್ತೆ, ಕೈಗೆ ಅಂಟ್ತಾ ಇದೆ. ಹೊಸ ಬಣ್ಣ ಹಾಳಾಗುತ್ತೆ. ಇದಕ್ಕೆ ಈ ವರ್ಷ ಬೇಡ್ವೇನೋ."

ಓನರಮ್ಮ ಮೆಟ್ಟಿಲಿಂದ ಎದ್ದರು. ಕಾರಿನ ಹತ್ತಿರ ಬಂದು, "ಇಲ್ಲಿ ಕೊಡವ್ವ," ಎಂದು ತಟ್ಟೆ ತೆಗೆದುಕೊಂಡರು. ಬೂದುಗುಂಬಳ ಹಿಡಿದು ನಿಂತಿದ್ದ ಮಗ ಅದನ್ನು ಎದೆಗೆ ಅವಚಿಕೊಂಡ. ಬಂದಿದ್ದ ನೆಂಟರು ಟ್ಯಾಂಕರಿನ ಮೇಲೆ ಬರೆದಿದ್ದ ಫೋನ್ ನಂಬರನ್ನು ಓದತೊಡಗಿದರು. ಓನರಮ್ಮ ಬಾನೆಟ್ಟಿನ ನಡುವೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಹೆಬ್ಬೆರಳನ್ನು ಕುಂಕುಮಕ್ಕೆ ಅದ್ದಿ, ಅದರ ಮಧ್ಯೆ ಇಟ್ಟು ಒತ್ತಿದರು. ಮೆಲ್ಲಗೆ ಅಲ್ಲ, ಚೆನ್ನಾಗಿ ಒತ್ತಿದರು. ಬೆರಳು ಎತ್ತಿದಾಗ ಟಪ್ ಎಂದು ಸಣ್ಣ ಶಬ್ದವಾಯಿತು. ಹಸಿರಿನ ಮೇಲೆ ಕೆಂಪಗೆ ಹೆಬ್ಬೆಟ್ಟು, ಗೆರೆ ಗೆರೆಯಾಗಿ ಮೂಡಿತ್ತು.

"ಕುಂಬಳಕಾಯಿ ಒಡೀಲಾ," ಅಂದರು ಮಗನಿಗೆ. ಅವನು ಒಡೆದ.

ಆಮೇಲೆ ನಲ್ಲಿಯ ಹತ್ತಿರ ಅವರು ಸೀಮೆಎಣ್ಣೆಯಲ್ಲಿ ಬೆರಳು ಉಜ್ಜಿಕೊಳ್ಳುತ್ತಿದ್ದರು. ನಾನು ಬಟ್ಟೆ ಚೂರು ಕೊಡಲು ಹೋದೆ. ತಲೆಯೆತ್ತದೆ ಹೇಳಿದರು, "ಇಷ್ಟ್ ವರ್ಷ ಎಬ್ಬೆಟ್ಟು ಒತ್ತಿದ್ದೆಲ್ಲ ಕೊಡಕ್ಕೆ ಕಣ್ ಮೇಷ್ಟ್ರೇ. ಇದೊಂದು ಇಟ್ಕಳಕ್ಕೆ."

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು, ನಲ್ಲಿ ತಿರುಗಿಸಿ ಬಿಡಬೇಡಿ, ನೀರು ಹೋಗುತ್ತೆ ಎಂದು ನನ್ನನ್ನೇ ಗದರಿದರು.

ಇಷ್ಟಾದರೂ ಕಾರಿನ ಗಂಡಾಂತರ ಮುಗಿದಿರಲಿಲ್ಲ. ಮಗ ಮೊದಲೇ ಗುಜರಿಯವನಿಗೆ ಹೇಳಿಟ್ಟಿದ್ದ. ಬೇಡವೆಂದು ಹೇಳುವುದನ್ನು ಮರೆತಿದ್ದ. ವಿಜಯದಶಮಿ ಕಳೆದ ಮೇಲೆ ಆ ಗುಜರಿಯವನು ಟೆಂಪೋ ತಂದು ನಿಲ್ಲಿಸಿದಾಗ ಮಗನ ಮನಸ್ಸು ಮತ್ತೆ ಹೊಯ್ದಾಡಿತು. "ನೋಡಮ್ಮ, ಬಾನೆಟ್ಟು ಬೇರೆ ಗಲೀಜಾಗಿದೆ. ಬಂದೂ ಬಂದಿದ್ದಾನೆ…"

ಗುಜರಿಯವನು ಕಾರನ್ನು ಸುತ್ತಿ, ಬಾನೆಟ್ಟಿನ ಮುಂದೆ ನಿಂತ. "ಪೂಜೆ ಹಸಿಯಾಗೈತೆ ಸಾರ್. ಒರೆಸಿ ಕೊಟ್ಬಿಡಿ, ತಗೊಂಡೋಗ್ತೀನಿ."

"ನೀನೇ ಒರೆಸ್ಕಳಪ್ಪ," ಅಂದರು ಓನರಮ್ಮ.

ಅವನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಒಣ ಬಟ್ಟೆಯಲ್ಲಿ ಒರೆಸಿದ. ವಿಭೂತಿಯೂ ಕುಂಕುಮವೂ ಬಣ್ಣದೊಳಗೆ ಇಳಿದು ಗಟ್ಟಿಯಾಗಿದ್ದವು. ಒರೆಸಿದಷ್ಟೂ ಇನ್ನೂ ಹೊಳೆದವು. ಅವನ ಮುಖ ಸಣ್ಣಗಾಯಿತು. ಚಪ್ಪಲಿ ಪಕ್ಕಕ್ಕೆ ಬಿಟ್ಟು, ಬಾನೆಟ್ಟಿಗೆ ಕೈಮುಗಿದು, "ಇದು ನನ್ಕೈಲಾಗಲ್ಲ ಸಾರ್. ನಾನೂ ಮಕ್ಕಳೊಂದಿಗ," ಎಂದು ಖಾಲಿ ಟೆಂಪೋ ತಿರುಗಿಸಿಕೊಂಡು ಹೋದ. ಆಮೇಲೆ ಆ ಕಡೆಯ ಯಾವ ಗುಜರಿಯವನೂ ಕಾರಿನ ಮಾತು ಎತ್ತಲಿಲ್ಲ. ಮಗನೂ ಎತ್ತಲಿಲ್ಲ.

ಓನರಮ್ಮ ಟಾರ್ಪಾಲು ಮಡಚಿಟ್ಟರು. ಸೋಮವಾರದ ಕಾರು ಗೇಟು ದಾಟಿ ಹೊರಗೆ ಹೋಗತೊಡಗಿತು. ಮೊದಲ ಹಂಪಿನಲ್ಲೇ ಗೋಡೆಯ ಪುಟ್ಟಿ ತುಂಡು ತುಂಡಾಗಿ ಉದುರಿತು. ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೆರಡು ಸಲ ನಮ್ಮನ್ನೂ ಸಂತೆಗೆ ಕರೆದೊಯ್ದರು. ನಾವಿಬ್ಬರೂ ಹಿಂದೆ ಕೂರಬೇಕಿತ್ತು. ಎಡಗಡೆ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಬರುವಾಗ ಸೊಪ್ಪಿನ ಚೀಲಕ್ಕೂ ನನ್ನ ತೊಡೆಯೇ ಗತಿ.

ಹಾಗೆ ಹೋಗುವಾಗ ಒಮ್ಮೆ ಪೊಲೀಸರು ತಡೆದರು. ಕಾಗದ ನೋಡಿದವರು, "ಏನಮ್ಮ, ಇದರಲ್ಲಿ ಬಿಳಿ ಬಣ್ಣ ಅಂತಿದೆ?" ಎಂದು ಕೇಳಿದರು.

"ಬಿಳಿ ಕೆಳಗಡೆ ಐತೆ ಸಾರ್. ಕೆರೆದು ನೋಡ್ಕಳಿ."

ಪೊಲೀಸರು ಕಾರನ್ನು ನೋಡಿದರು, ಹಿಂದಿನ ಗಾಜಿನ ಪ್ರಬಂಧವನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಸೊಪ್ಪು ನೋಡುತ್ತ ಕೂತೆ. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. "ಹೋಗಮ್ಮ," ಅಂದರು.

ಕೆಲವು ವರ್ಷಗಳ ನಂತರ ನಾವು ಬ್ರೂಕ್‌ಫೀಲ್ಡ್ ಕಡೆಗೆ ಮನೆ ಬದಲಾಯಿಸಿದೆವು. ಬಿಡುವ ದಿನ ಅವರು ಬಂದು ಗೋಡೆಗಳನ್ನೆಲ್ಲ ಅಂಗೈಯಿಂದ ಸವರಿ ನೋಡಿದರು. ಒಂದೂ ಮೊಳೆಯ ತೂತು ಇರಲಿಲ್ಲ. "ನೀವೊಬ್ರೇ ಕಣ್ ಮೇಷ್ಟ್ರೇ ನಿಜ ಏಳಿದ್ದು," ಅಂದರು. ಶಾಲೆಯಲ್ಲಿ ಕೊಟ್ಟ ಯಾವ ಪ್ರಶಸ್ತಿ ಪತ್ರವೂ ನನಗೆ ಅಷ್ಟು ಹೆಮ್ಮೆ ತಂದಿಲ್ಲ. ತರಲು ಅಂಥ ಪ್ರಶಸ್ತಿಗಳೂ ಬಂದಿಲ್ಲ ಅನ್ನಿ. ಅವರನ್ನು ಕಂಡದ್ದು ಅದೇ ಕೊನೆ. ಆಗಾಗ ಹೋಗಿ ಬರಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ತಿಥಿ ಊಟ ಮುಗಿಸಿ ಕೈತೊಳೆದು ಗೇಟಿನ ಹತ್ತಿರ ಬಂದೆ. ಕಾರು ತನ್ನ ಜಾಗದಲ್ಲೇ ಇತ್ತು. ಬಾಗಿಲುಗಳ ಕಡೆ ತುಕ್ಕು ಮತ್ತೆ ಎದ್ದಿತ್ತು. ಬಾನೆಟ್ಟಿನ ನಡುವೆ ಮೂರು ಎಳೆ ವಿಭೂತಿ, ಅದರ ಮಧ್ಯೆ ಹೆಬ್ಬೆಟ್ಟು, ಬಣ್ಣ ಮಾಸಿ ಇಟ್ಟಿಗೆ ಕೆಂಪಾಗಿತ್ತು. ಗೆರೆಗಳು ಹಾಗೇ ಇದ್ದವು. ನನ್ನ ಬೆರಳಿಟ್ಟು ನೋಡಿದೆ. ಪೂರ್ತಿ ಒಣಗಿತ್ತು.

ಅವರ ಮಗ ಹಿಂದೆ ಬಂದು ನಿಂತಿದ್ದ. ಅವನ ಕೈಯಲ್ಲಿ ಆ ಕಾರಿನ ಕೀ ಇತ್ತು. ಅವತ್ತು ಸೋಮವಾರ.

"ನಿಮ್ಮ ಹೆಸರಿಗೆ ಮಾಡಿಸ್ಕೊಂಡ್ರಾ?" ಎಂದು ಕೇಳಿದೆ.

"ಇಲ್ಲ ಮೇಷ್ಟ್ರೇ. ಅಮ್ಮನ ಹೆಸರಲ್ಲೇ ಇದೆ. ಇರ್ಲಿ ಅಂತ." ಕೀಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನನಗೂ ವಾಹನಯೋಗ ಇಲ್ಲವಂತೆ."

ಅವನ ಬೆನ್ನ ಹಿಂದೆ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ನಾನು ಅವುಗಳ ಮೇಲಿದ್ದ ಫೋನ್ ನಂಬರನ್ನು ಓದತೊಡಗಿದೆ.